ದುಡ್ಡು ಕೊಟ್ಟ ಊರಲ್ಲೇ ದೂರು ದಾಖಲಾಗಲಿ



ನಮ್ಮ ಓಣಿಯ ಹನ್ನೊಂದು ಮನೆಯವರು ಒಂದೇ ಕಂಪನಿಗೆ ದುಡ್ಡು ಕಟ್ಟಿದ್ದೆವು. ಏಜೆಂಟ್ ತಿಂಗಳಿಗೊಮ್ಮೆ ಮನೆ ಬಾಗಿಲಿಗೇ ಬಂದು 1,000 ರೂಪಾಯಿ ಇಸಿದುಕೊಂಡು ರಸೀದಿ ಹರಿದು ಕೊಡುತ್ತಿದ್ದ. ಐದು ವರ್ಷ ತುಂಬಿದ ಮೇಲೆ ಬಾಂಡ್ ಹಿಡಿದು ಹೋದರೆ ಶಾಖೆಗೆ ಬೀಗ. ಮುಖ್ಯ ಕಚೇರಿ ಇರುವುದು ಬೇರೆ ರಾಜ್ಯದಲ್ಲಿ. ಠಾಣೆಯಲ್ಲಿ ನಮ್ಮ ದೂರು ಓದಿದ ಅಧಿಕಾರಿ, 'ಹೆಡ್ ಆಫೀಸ್ ಎಲ್ಲೈತಿ ಅಲ್ಲೇ ಹೋಗಿ ಕೊಡ್ರಿ, ಇದು ನಮ್ಮ ಲಿಮಿಟ್ಸ್‌ಗೆ ಬರಂಗಿಲ್ಲ' ಎಂದರು. ಅದನ್ನೇ ಹಿಂಬರಹವಾಗಿ ಬರೆದುಕೊಡಿ ಎಂದರೆ ಅದೂ ಇಲ್ಲ. ನಮ್ಮೊಳಗೆ ಹೂ ಕಟ್ಟಿ ಮಾರುವ ಹೆಣ್ಣುಮಗಳೊಬ್ಬಳಿದ್ದಾಳೆ. ಭಾಷೆಯೇ ಬಾರದ ಊರಿಗೆ ಅವಳು ಯಾರ ಜೊತೆ ಹೋಗಬೇಕು?

ಈ 'ಲಿಮಿಟ್ಸ್' ಮಾತು ಕಾನೂನಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 199ನೇ ಕಲಮಿನ ಪ್ರಕಾರ, ಕೃತ್ಯ ನಡೆದ ಜಾಗದ ಕೋರ್ಟಿಗೂ ಅದರ ಪರಿಣಾಮ ಉಂಟಾದ ಜಾಗದ ಕೋರ್ಟಿಗೂ ಅಧಿಕಾರವಿದೆ. ನಂಬಿಕೆದ್ರೋಹವಾದರೆ ಹಣ ಪಡೆದ ಜಾಗದಲ್ಲೂ ವಿಚಾರಣೆ ನಡೆಯಬಹುದು ಎನ್ನುತ್ತದೆ 201ನೇ ಕಲಮು. ನಮ್ಮ ಹಣ ಪಡೆದದ್ದು ನಮ್ಮ ಹೊಸ್ತಿಲಲ್ಲಿ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ಬಂದ ಠಾಣೆ ಅದನ್ನು ದಾಖಲಿಸಿಕೊಳ್ಳಬೇಕು ಎಂದು 173ನೇ ಕಲಮು ಹೇಳುತ್ತದೆ. ಜನ ಅದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ.

'ಸಂಚು ನಡೆದದ್ದು ಹೆಡ್ ಆಫೀಸಿನಲ್ಲಲ್ಲವೇ?' ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. ಕಲ್ಕತ್ತದಲ್ಲಿ ಸಂಚು ಹೂಡಿ ಮದ್ರಾಸ್ ರಾಜ್ಯದಲ್ಲಿ ವಂಚಿಸಿದ ಎಲ್.ಎನ್. ಮುಖರ್ಜಿ ಪ್ರಕರಣದಲ್ಲಿ, ವಂಚನೆ ನಡೆದ ಕಡೆಯ ಕೋರ್ಟೇ ಸಂಚಿನ ಆರೋಪವನ್ನೂ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಅರವತ್ತು ವರ್ಷ ದಾಟಿದರೂ ಆ ಮಾತು ನಮ್ಮ ಠಾಣೆಗಳ ಮೇಜಿನವರೆಗೆ ತಲುಪಿಲ್ಲ ಎನ್ನುವುದು ನನಗೆ ಬಹಳ ನೋವಿನ ಸಂಗತಿ.

ಕಂಪನಿ ಕಾಯ್ದೆಯ ದಾರಿಯಲ್ಲಿ ಹೋಗೋಣವೆಂದರೆ ಅದು ನಮ್ಮಂಥವರಿಗೆ ಮುಚ್ಚಿದೆ. 2013ರ ಆ ಕಾಯ್ದೆಯ 447ನೇ ಕಲಮು ವಂಚನೆಗೆ ಹತ್ತು ವರ್ಷದವರೆಗೆ ಜೈಲು, ವಂಚಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹೇಳುತ್ತದೆ. ಆದರೆ ಗಂಭೀರ ವಂಚನೆ ತನಿಖಾ ಕಚೇರಿಯ ನಿರ್ದೇಶಕರು ಅಥವಾ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ದೂರು ಕೊಡದೆ ವಿಶೇಷ ನ್ಯಾಯಾಲಯ ಆ ಆರೋಪವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಯಾರೋ ಹಗೆ ಸಾಧಿಸಲು ಕಂಪನಿಗಳ ಮೇಲೆ ಕೇಸು ಹಾಕದಿರಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಹಾಗಾದರೆ ಠೇವಣಿದಾರನಿಗೆ ಉಳಿಯುವುದು ಊರಿನ ಠಾಣೆಯೊಂದೇ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು (ಪಿಸಿಆರ್) ಹಾಕಿ ಎನ್ನುತ್ತಾರೆ. 60,000 ರೂಪಾಯಿ ಕಳೆದುಕೊಂಡವರು ವಕೀಲರ ಫೀಜು ಎಲ್ಲಿಂದ ತರಬೇಕು?

ಹೆಡ್ ಆಫೀಸ್ ಇರುವ ರಾಜ್ಯವನ್ನೇ ನಂಬಿ ಕೂರುವಂತೆಯೂ ಇಲ್ಲ. ಠೇವಣಿ ಮರಳಿಸದ ವಿಜಯವಾಡದ ಅಗ್ರಿಗೋಲ್ಡ್ ಕಂಪನಿಗೆ ಕರ್ನಾಟಕದವರೂ ಹಣ ಕಟ್ಟಿದ್ದರು. ಆಂಧ್ರ ಸರ್ಕಾರ 2019ರಲ್ಲಿ ಮತ್ತು 2021ರಲ್ಲಿ ಖಜಾನೆಯಿಂದ ಪರಿಹಾರ ಕೊಟ್ಟಿದ್ದು ತನ್ನ ರಾಜ್ಯದ ಸಣ್ಣ ಠೇವಣಿದಾರರಿಗೆ. ಹೆಡ್ ಆಫೀಸ್ ಇರುವ ರಾಜ್ಯ ಮೊದಲು ತನ್ನ ಜನರನ್ನು ನೋಡಿಕೊಳ್ಳುತ್ತದೆ, ತಪ್ಪೇನಿಲ್ಲ. ನಮ್ಮವರನ್ನು ನೋಡಿಕೊಳ್ಳಬೇಕಾದವರು ನಮ್ಮ ಪೊಲೀಸರೇ. ಠೇವಣಿದಾರರ ಹಿತ ಕಾಯಲು, ಕಂಪನಿಯ ಆಸ್ತಿ ಜಪ್ತಿ ಮಾಡಲು ಕರ್ನಾಟಕ 2004ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ಅದು ಕೆಲಸಕ್ಕೆ ಬರಬೇಕಾದರೂ ಎಲ್ಲಾದರೂ ಒಂದು ದೂರು ದಾಖಲಾಗಲೇಬೇಕಲ್ಲ.

ಒಂದೇ ಕಂಪನಿಯ ಮೇಲೆ ಊರೂರಲ್ಲಿ ಎಫ್‌ಐಆರ್ ಆದರೆ ತನಿಖೆ ಚದುರುತ್ತದೆ ಎನ್ನುವುದು ನಿಜ. ದಾಖಲಿಸಿಕೊಂಡು ಆಮೇಲೆ ಸಿಐಡಿಗೆ ಒಪ್ಪಿಸಲಿ. ವ್ಯಾಪ್ತಿಯ ಕಾರಣಕ್ಕೆ ದೂರು ನಿರಾಕರಿಸುವ ಅಧಿಕಾರಿ ಯಾವ ಕಲಮಿನಡಿ ಹಾಗೆ ಮಾಡಿದೆ ಎಂದು ಅದೇ ದಿನ ಲಿಖಿತ ಹಿಂಬರಹ ಕೊಡಬೇಕೆಂದು ಗೃಹ ಇಲಾಖೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಕಳಿಸಲಿ. ನಮ್ಮ ಹನ್ನೊಂದು ಮನೆಯವರ ರಸೀದಿಗಳು ಒಂದೇ ಕಡತದಲ್ಲಿ ಸಿದ್ಧವಾಗಿವೆ. ಸುತ್ತೋಲೆ ಬಂದ ದಿನವೇ ಮತ್ತೆ ಠಾಣೆಗೆ ಹೋಗುತ್ತೇವೆ.

— ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ