ಸತ್ತ ಕಾಲಿಗೆ ನೋವೆಲ್ಲಿಂದ?

“ಕಾಲೇ ಸತ್ತುಹೋಗಿದೆ, ಇನ್ನು ಅದಕ್ಕೆ ನೋವೆಲ್ಲಿಂದ ಬಂತು?” ನಮ್ಮೂರ ಮಂಡಿಯ ಒಬ್ಬ ಹಮಾಲ ಬಂಧುವಿನ ಬಗ್ಗೆ ಈ ಮಾತನ್ನು ನಾವು ಕಿವಿಯಾರೆ ಕೇಳಿದೆವು. ಆಡಿದವರು ಕೆಟ್ಟವರಲ್ಲ, ಅವನ ಜೊತೆ ಮೂಟೆ ಹೊತ್ತವರೇ. ತಿಳಿಯದೆ ಆಡಿದರು. ಆದರೆ ಕೇಳಿಸಿಕೊಂಡವನಿಗೆ ಅದು ಎರಡನೆಯ ಪೆಟ್ಟು.

ಲಾರಿಯ ಮೇಲಿಂದ ಅಕ್ಕಿ ಮೂಟೆ ಸಮೇತ ಬಿದ್ದು ಬೆನ್ನುಹುರಿಗೆ ಏಟಾದ ಮೇಲೆ ಅವನಿಗೆ ಸೊಂಟದಿಂದ ಕೆಳಗೆ ಚಲನೆಯಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಆದರೂ ರಾತ್ರಿಯಾದರೆ ಪಾದಕ್ಕೆ ಕೆಂಡ ಕಟ್ಟಿದಂಥ ಉರಿ, ಕರೆಂಟು ಹೊಡೆದಂಥ ಸೆಳೆತ. ಇದು ಸೋಗಲ್ಲ. ತಂತಿ ತುಂಡಾದರೂ ಕಚೇರಿಯಲ್ಲಿ ಟೆಲಿಫೋನು ಗಂಟೆ ಸುಮ್ಮಸುಮ್ಮನೆ ಬಾರಿಸುತ್ತಿದ್ದರೆ ಹೇಗೋ, ಹಾಗೆ ಗಾಯಗೊಂಡ ನರಗಳು ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತವೆ. ಸುದ್ದಿ ಸುಳ್ಳು, ನೋವು ನಿಜ. ಬೆನ್ನುಹುರಿಗೆ ಏಟಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ನರನೋವನ್ನು ಉಣ್ಣುತ್ತಾರೆ.

ನಮ್ಮ ಬಂಧು ಮೊದಲು ಮಾಡಿದ್ದು ನಾವೆಲ್ಲ ಮಾಡುವ ಕೆಲಸವನ್ನೇ. ಅಂಗಡಿಯಲ್ಲಿ ಉದ್ರಿ ಹೇಳಿ ಮೈಕೈ ನೋವಿನ ಗುಳಿಗೆ ತಂದು ನುಂಗಿದ. ಹೊಟ್ಟೆ ಉರಿಯಿತೇ ಹೊರತು ಕಾಲಿನ ಉರಿ ಆರಲಿಲ್ಲ. ಉಳುಕಿಗೆ, ಜ್ವರಕ್ಕೆ ಕೊಡುವ ಗುಳಿಗೆಗಳು ನರನೋವಿಗೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಬೇರೆಯೇ ಔಷಧಿಗಳಿವೆ. ಮೂರ್ಛೆರೋಗಕ್ಕೆಂದು ಬಂದ ಗ್ಯಾಬಪೆಂಟಿನ್, ಅದರ ಜಾತಿಯದೇ ಆದ ಪ್ರಿಗ್ಯಾಬಲಿನ್, ಮನಸ್ಸಿನ ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್. 2006ರಲ್ಲಿ ಆಸ್ಟ್ರೇಲಿಯದಲ್ಲಿ ಬೆನ್ನುಹುರಿ ಪೆಟ್ಟಿನ 137 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರಿಗ್ಯಾಬಲಿನ್, ಇನ್ನೊಂದಕ್ಕೆ ಮದ್ದಿಲ್ಲದ ಗುಳಿಗೆ ಕೊಟ್ಟು 12 ವಾರ ನೋಡಿದರು. ಮದ್ದು ಪಡೆದವರಿಗೆ ನೋವು ಹೆಚ್ಚು ತಗ್ಗಿತು, ನಿದ್ದೆಯೂ ಸುಧಾರಿಸಿತು. 2012ರಲ್ಲಿ ಅಮೆರಿಕದ ಔಷಧ ಇಲಾಖೆ ಈ ನೋವಿಗೇ ಎಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಹಿಡಿಸುವ ಮದ್ದಲ್ಲ. ಹಿಡಿಸಿದವರಿಗೂ ನೋವು ಪೂರಾ ಹೋಗುವುದು ಅಪರೂಪ.

ದೊಡ್ಡಾಸ್ಪತ್ರೆಯ ವೈದ್ಯರು ನಮ್ಮ ಬಂಧುವಿಗೆ ಇದನ್ನೇ ಬರೆದುಕೊಟ್ಟರು. ಮೊದಲ ವಾರ ತಲೆಸುತ್ತು, ಹಗಲೆಲ್ಲ ಮಂಪರು. ಮಂಚದಿಂದ ಗಾಲಿಕುರ್ಚಿಗೆ ಜರುಗುವಾಗ ಜಾರಿ ಬಿದ್ದ. ಮನೆಯವರು ಹೆದರಿ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರು. ಬೆವರು, ತಳಮಳ, ಮೂರು ರಾತ್ರಿ ನಿದ್ದೆಯಿಲ್ಲ. ಈ ಗುಳಿಗೆಯನ್ನು ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸಬೇಕು, ಬಿಡುವಾಗಲೂ ಮೆಲ್ಲಗೆ ಇಳಿಸಬೇಕು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೆಂಡ ಕುಡಿದು ಅಥವಾ ನಿದ್ದೆ ಗುಳಿಗೆಯ ಜೊತೆ ನುಂಗಿದರೆ ಉಸಿರಿಗೇ ಅಪಾಯವೆಂದೂ, ಮೂತ್ರಪಿಂಡದ ತೊಂದರೆಯಿದ್ದವರಿಗೆ ಪ್ರಮಾಣ ಕಡಿಮೆ ಮಾಡಬೇಕೆಂದೂ ತಿಳಿಸಿರಲಿಲ್ಲ. ಎರಡನೆಯ ಸಲ ರಾತ್ರಿಗೆ ಒಂದು ಸಣ್ಣ ಗುಳಿಗೆಯಿಂದ ಆರಂಭಿಸಿದರು. ಆರನೆಯ ವಾರದಲ್ಲಿ ಅವನು ನಾಲ್ಕು ತಾಸು ಒಂದೇ ಸಮನೆ ಮಲಗಿದ. ಉರಿ ಹೋಗಿರಲಿಲ್ಲ, ಆದರೆ ಸಹಿಸುವಂತಿತ್ತು. ಕುಳಿತು ಚೀಲ ಹೊಲಿಯುವ ಕೆಲಸ ಕೇಳಿದ.

ಆಗ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಉತ್ತರ ಬಂತು: “ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ.” ಹೆಂಡತಿಯ ಬೀಡಿ ಕಟ್ಟುವ ಕೂಲಿಯಲ್ಲಿ ಹೊರಗೆ ಎಷ್ಟು ತಿಂಗಳು ಕೊಳ್ಳಬೇಕು?

ನಮ್ಮ ತಕರಾರು ಇಲ್ಲಿದೆ. “ಮದ್ದು ಪ್ರಯತ್ನಿಸಿ ನೋಡಿ” ಎಂದು ವೈದ್ಯರು ಹೇಳುವುದು ಸರಿ. ಆದರೆ ಪ್ರಯತ್ನವೆಂದರೆ ವಾರಗಟ್ಟಲೆ ಕಾಲ, ತಪ್ಪದೆ ಸಿಗುವ ಗುಳಿಗೆ, ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿಬರುವ ಖರ್ಚು. ಇವಿಲ್ಲದ ಬಡವನಿಗೆ ಪ್ರಯತ್ನ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ “ಅವನಿಗೆ ಮದ್ದು ಹಿಡಿಸಲಿಲ್ಲ” ಎಂದು ಬರೆಯುತ್ತಾರೆ. ಹಿಡಿಸದೆ ಹೋದದ್ದು ಮದ್ದೋ, ವ್ಯವಸ್ಥೆಯೋ?

2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯೆಂದು ಹೇಳುತ್ತಾರೆ. ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮನೆಯಲ್ಲಿ ತಿಂಗಳು ತಿಂಗಳು ನುಂಗುವ ಗುಳಿಗೆಗೆ ಅದು ಆಸರೆಯಲ್ಲ. 1952ರಲ್ಲಿ ಆರಂಭವಾದ ಇ.ಎಸ್.ಐ. ಯೋಜನೆಯಲ್ಲಿ ಹೆಸರಿರುವ ಗಿರಣಿ ಕೆಲಸಗಾರನಿಗೆ ಔಷಧಿ ಕೇಳುವ ಹಕ್ಕಿದೆ. ಮೂಟೆಗಿಷ್ಟು ಎಂದು ಕೂಲಿ ಪಡೆದು ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಹಮಾಲನಿಗೆ ಏನಿದೆ?

ಆದ್ದರಿಂದ ನಾವು ಕೇಳುವುದಿಷ್ಟು. ನರನೋವಿನ ಔಷಧಿಗಳು ತಾಲ್ಲೂಕು ಆಸ್ಪತ್ರೆಯಲ್ಲೂ ಇ.ಎಸ್.ಐ. ಔಷಧಾಲಯದಲ್ಲೂ ತಪ್ಪದೆ ಸಿಗಬೇಕು, ಒಂದೊಂದು ಸಲಕ್ಕೆ ತಿಂಗಳಿಗಾಗುವಷ್ಟು ಕೊಡಬೇಕು. ಏರಿಸುವ ಇಳಿಸುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಮಂಡಿಯ ಹಮಾಲರ ಹೆಸರು ಪುಸ್ತಕಕ್ಕೆ ಏರಬೇಕು. ವರ್ತಕ ಬಂಧುಗಳೇ, ಈ ಕಡೆಯ ಕೆಲಸ ನಿಮ್ಮ ಕೈಯಲ್ಲೂ ಇದೆ. ನಿಮ್ಮ ಅಂಗಡಿಗೆ ಬಂದ ಮೂಟೆಯೂ ಅವನ ಬೆನ್ನ ಮೇಲೆಯೇ ಬಂದದ್ದು.

ಇದಾವುದಕ್ಕೂ ಸರ್ಕಾರದ ಆಜ್ಞೆ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಅಂಥವನೊಬ್ಬ “ಕಾಲು ಉರಿಯುತ್ತಿದೆ” ಎಂದರೆ, ನಂಬೋಣ.