ನಿಲ್ಲುವುದು ಬೇರೆ, ನಿಲ್ಲಿಸುವುದು ಬೇರೆ

ಇಂಗ್ಲಿಷಿನ ‘ಸ್ಟಾಪ್’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಕನ್ನಡದಲ್ಲಿ ‘ನಿಲ್ಲು’ ಬೇರೆ, ‘ನಿಲ್ಲಿಸು’ ಬೇರೆ. ತಮಿಳಿನಲ್ಲೂ ಹಾಗೆಯೇ: ‘ನಿಲ್’, ‘ನಿರುತ್ತು’. ಶಾಲೆಯಲ್ಲಿ ಪ್ರೇರಣಾರ್ಥಕ ಎಂದು ಕಲಿತು ಮರೆತ ಈ ವ್ಯತ್ಯಾಸ ಕಾರ್ಖಾನೆಯಲ್ಲಿ ದುಡ್ಡಿನ ಪ್ರಶ್ನೆ, ಕೆಲವೊಮ್ಮೆ ಬೆರಳಿನ ಪ್ರಶ್ನೆ.

ಚೆನ್ನೈನಲ್ಲಿ ಕುಳಿತು ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬಿನ ಒಂದು ಭಾಗ. ಒರಗಡಂ, ಶ್ರೀಪೆರಂಬುದೂರಿನಲ್ಲಾಗಲಿ, ನಮ್ಮ ಬಿಡದಿ, ಪೀಣ್ಯದಲ್ಲಾಗಲಿ, ಕನ್ವೇಯರ್ ಇದ್ದಲ್ಲಿ ಒಂದು ದೂರು ಇದ್ದೇ ಇರುತ್ತದೆ: ಪೆಟ್ಟಿಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಒಮ್ಮೆ ನಾಲ್ಕು ಮಿಲಿಮೀಟರ್ ಹಿಂದೆ, ಇನ್ನೊಮ್ಮೆ ಒಂಬತ್ತು ಮುಂದೆ. ಮೊದಲು ಏನು ಮಾಡುತ್ತಾರೆ? ಸೆನ್ಸರ್ ಅನ್ನು ಸ್ವಲ್ಪ ಸರಿಸುತ್ತಾರೆ. ಆಮೇಲೆ ಬದಲಿಸುತ್ತಾರೆ. ಆದರೆ ಸೆನ್ಸರ್ ಸರಿಸಿದರೆ ಎಲ್ಲ ಪೆಟ್ಟಿಗೆಗಳೂ ಅಷ್ಟೇ ಸರಿಯುತ್ತವೆ. ಅವುಗಳ ನಡುವಿನ ಏರುಪೇರು ಹಾಗೇ ಉಳಿಯುತ್ತದೆ.

ಕೇಳಬೇಕಾದ ಪ್ರಶ್ನೆ: ತಪ್ಪಿದ್ದು ನಿಲ್ಲಿಸುವುದರಲ್ಲೋ, ನಿಲ್ಲುವುದರಲ್ಲೋ?

ನಿಲ್ಲಿಸುವುದು ಪಿಎಲ್‌ಸಿಯ ಕೆಲಸ. ಅದು ಇನ್‌ಪುಟ್ ಓದಿ, ಪ್ರೋಗ್ರಾಂ ನಡೆಸಿ, ಔಟ್‌ಪುಟ್ ಕೊಟ್ಟು, ಮತ್ತೆ ಮೊದಲಿಗೆ ಬರುತ್ತದೆ. ಇನ್‌ಪುಟ್ ಓದಿ ಮುಗಿದ ಮರುಕ್ಷಣ ಪೆಟ್ಟಿಗೆ ಬಂದರೆ ಮುಂದಿನ ಸುತ್ತಿನವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದು, ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಿಂದಲೇ 5 ಮಿಲಿಮೀಟರ್‌ವರೆಗೆ ವ್ಯತ್ಯಾಸ. ಇದಕ್ಕೆ ಮದ್ದು ಇಂಟರಪ್ಟ್ ಇನ್‌ಪುಟ್, ಇಲ್ಲವೇ ಸೆನ್ಸರ್ ತಂತಿಯನ್ನು ನೇರವಾಗಿ ಡ್ರೈವ್‌ಗೆ ಕೊಡುವುದು.

ನಿಲ್ಲುವುದು ಮೋಟರ್, ಬ್ರೇಕ್, ಬೆಲ್ಟುಗಳ ಕೆಲಸ. ಆಜ್ಞೆ ಸರಿಯಾದ ಕ್ಷಣಕ್ಕೇ ಬಂದರೂ ತುಂಬಿದ ಪೆಟ್ಟಿಗೆ ಮುಂದಕ್ಕೆ ಹೋಗುತ್ತದೆ, ಖಾಲಿಯದು ಬೇಗ ನಿಲ್ಲುತ್ತದೆ. ಬ್ರೇಕ್ ಸವೆದಿರಬಹುದು, ಬೆಲ್ಟ್ ಸಡಿಲವಾಗಿರಬಹುದು, ಡ್ರೈವ್ ಮೋಟರನ್ನು ಸುಮ್ಮನೆ ಉರುಳಲು ಬಿಡುತ್ತಿರಬಹುದು. ನಿಲ್ಲುವ ಜಾಗಕ್ಕೆ ಮೊದಲೇ ಎರಡನೇ ಸೆನ್ಸರ್ ಇಟ್ಟು ವೇಗ ತಗ್ಗಿಸಿದರೆ ಬಹುಪಾಲು ಸರಿಹೋಗುತ್ತದೆ. ಪೆಟ್ಟಿಗೆಯೇ ಬೆಲ್ಟಿನ ಮೇಲೆ ಜಾರುತ್ತಿದ್ದರೆ ಮಾತ್ರ ಪ್ರೋಗ್ರಾಂ ಒಂದೇ ಸಾಲದಿರಬಹುದು. ಅಡ್ಡ ಬರುವ ಸ್ಟಾಪರ್ ಬೇಕಾಗಬಹುದು.

ಎರಡನ್ನೂ ಬೇರ್ಪಡಿಸಲು ಸ್ಕೇಲು, ಪೆನ್ನು ಸಾಕು. ನಿಂತ ಜಾಗವನ್ನು ಮೂವತ್ತು ಸಲ ಅಳೆದು ಬರೆಯಿರಿ. ವೇಗ ಅರ್ಧ ಮಾಡಿ ಮತ್ತೆ ಮೂವತ್ತು ಸಲ. ಏರುಪೇರು ಅರ್ಧಕ್ಕಿಳಿದರೆ ತಡವಾಗುತ್ತಿರುವುದು ಆಜ್ಞೆ. ಸುಮಾರು ಕಾಲು ಭಾಗಕ್ಕಿಳಿದರೆ ದೋಷ ಬ್ರೇಕು, ಭಾರಗಳ ಕಡೆ, ಯಾಕೆಂದರೆ ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ದಿನದಿಂದ ದಿನಕ್ಕೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಏನೋ ಸವೆಯುತ್ತಿದೆ.

ಇಷ್ಟು ಸುಲಭದ್ದು ತಿಂಗಳುಗಟ್ಟಲೆ ಯಾಕೆ ಎಳೆಯುತ್ತದೆ? ನನ್ನ ಮಟ್ಟಿಗೆ, ಅದರಲ್ಲಿ ಭಾಷೆಯ ಪಾಲು ದೊಡ್ಡದು. ಎಂಟು ಗಂಟೆ ಲೈನಿನ ಪಕ್ಕ ನಿಲ್ಲುವ ಆಪರೇಟರ್‌ಗೆ ಗೊತ್ತು: ‘ಖಾಲಿದು ಸರಿಯಾಗಿ ನಿಲ್ತದೆ, ತುಂಬಿದ್ದು ಮುಂದೆ ಹೋಗ್ತದೆ.’ ಅರ್ಧ ರೋಗನಿರ್ಣಯ ಆ ಮಾತಿನಲ್ಲೇ ಇದೆ. ಆದರೆ ಲಾಗ್‌ಬುಕ್ಕಿನ ಭಾಷೆ ಇಂಗ್ಲಿಷ್. ಅಲ್ಲಿ ಉಳಿಯುವುದು ‘ಸ್ಟಾಪ್ ಪ್ರಾಬ್ಲಂ, ಸೆನ್ಸರ್ ಚೇಂಜ್ಡ್’. ಮುಂದಿನ ಪಾಳಿಯವರಿಗೆ ಅದರಿಂದ ಏನೂ ತಿಳಿಯದು. ಅಲ್ಲಿಯವರೆಗೆ ಅದೇ ಆಪರೇಟರ್ ಪೆಟ್ಟಿಗೆಯನ್ನು ಕೈಯಿಂದ ತಳ್ಳುತ್ತಿರುತ್ತಾರೆ, ಯಂತ್ರ ಚಾಲೂ ಇರುವಾಗಲೇ.

ಕನ್ನಡದ ಕೈಪಿಡಿ ಎಂದರೆ ಸೆನ್ಸರನ್ನು ‘ಸಂವೇದಕ’ ಮಾಡುವುದು ಎಂದು ನಂಬಿದವರಿದ್ದಾರೆ. ಅದು ಬೇಡ. ಸೆನ್ಸರ್, ಡ್ರೈವ್, ಬೆಲ್ಟ್ ಎಲ್ಲರ ಬಾಯಲ್ಲೂ ಇವೆ, ಇರಲಿ. ನಾಮಪದ ಎರವಲು ತಂದರೆ ನಷ್ಟವಿಲ್ಲ. ಕ್ರಿಯಾಪದ ನಮ್ಮದಿರಬೇಕು: ಜಾರಿತು, ತಡವಾಯಿತು, ಎಳೆಯಿತು, ನಿಂತಿತು, ನಿಲ್ಲಿಸಿತು. ಯಂತ್ರಕ್ಕೆ ಏನಾಯಿತು ಎಂದು ಹೇಳುವುದು ಅವೇ. ಮ್ಯಾನೇಜರುಗಳು ಲಾಗ್‌ಬುಕ್ಕಿನಲ್ಲಿ ಒಂದು ಕಾಲಂ ಬಿಟ್ಟು, ಕಂಡದ್ದನ್ನು ಕಂಡವರ ಭಾಷೆಯಲ್ಲೇ ಬರೆಯಲು ಹೇಳಲಿ. ಹೊಸ ಸೆನ್ಸರಿಗಿಂತ ಅದು ಅಗ್ಗ.