ಸಹಪೈಲಟ್ ಮೂರು ಸಲ ಹೇಳಿದ್ದರು

‘ಪೈಲಟ್‌ನ ತಪ್ಪು’ ಎಂಬ ಎರಡು ಪದಗಳಲ್ಲಿ 158 ಜನರ ಸಾವನ್ನು ಗಂಟುಕಟ್ಟಿ ಕಪಾಟಿನಲ್ಲಿಟ್ಟುಬಿಡುವ ನಮ್ಮ ಜಾಣತನದ ಬಗ್ಗೆ ನನಗೆ ಬಲವಾದ ತಕರಾರಿದೆ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ ಬದುಕುಳಿದವರು ಎಂಟೇ ಮಂದಿ. ಕ್ಯಾಪ್ಟನ್ ತಪ್ಪು ಮಾಡಿದ್ದರೆಂಬುದರಲ್ಲಿ ವಿವಾದವಿಲ್ಲ. ಹಾರಾಟದ ನಡುವೆ ಅವರು ಬಹಳ ಹೊತ್ತು ನಿದ್ರಿಸಿದ್ದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಮಂಗಳೂರಿನ ರಾಡಾರ್ ಕೆಟ್ಟು ನಿಂತಿದ್ದುದರಿಂದ ಕೆಳಗಿಳಿಯಲು ಅಪ್ಪಣೆ ದೊರೆತದ್ದೂ ಎಂದಿನದಕ್ಕಿಂತ ಹತ್ತಿರ ಬಂದ ಮೇಲೆಯೇ. ಅದನ್ನು ಯಾರು ನೆನಪಿಟ್ಟಿದ್ದಾರೆ?

ಆದರೆ ನನ್ನನ್ನು ಕಾಡುವುದು ಬೇರೆಯದೇ ಸಂಗತಿ. ‘ಗೋ ಅರೌಂಡ್’, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿಸಿ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಸಹಪೈಲಟ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಅವರೇನೂ ಎಳಸು ಹುಡುಗರಲ್ಲ, ಆ ಬಗೆಯ ವಿಮಾನದಲ್ಲೇ ಮೂರು ಸಾವಿರ ಗಂಟೆಗೂ ಮಿಕ್ಕಿ ಹಾರಿದವರು. ಸಹಪೈಲಟ್‌ಗೆ ಇರುವ ಅಧಿಕಾರದ ಕುರಿತ ಸೂಚನೆಗಳೇ ಅಸ್ಪಷ್ಟವಾಗಿದ್ದವೆಂದು ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿತು.

ಅಸ್ಪಷ್ಟತೆ ಬರಿಯ ಕಾಗದದ್ದೇ? ಕರಿಹಲಗೆಯ ಮೇಲೆ ಮಾಸ್ತರರು ಲೆಕ್ಕ ತಪ್ಪಿದರೆ ಎದ್ದುನಿಂತು ಹೇಳುವ ಹುಡುಗನನ್ನು ‘ಅಧಿಕಪ್ರಸಂಗಿ’ ಎನ್ನುವ ಶಾಲೆಗಳು ಕಾರವಾರದಲ್ಲೂ ಇವೆ, ಅಂಕೋಲೆಯಲ್ಲೂ ಇವೆ. ಹಿರಿಯರಿಗೆ ಎದುರಾಡದಿರುವುದೇ ವಿನಯವೆಂದು ಹನ್ನೆರಡು ವರ್ಷ ಕಲಿಸಿ, ಆಮೇಲೆ ಕಾಕ್‌ಪಿಟ್ಟಿನಲ್ಲಿ ಕೆಲವೇ ಕ್ಷಣಗಳಲ್ಲಿ ಅದನ್ನು ಮರೆತುಬಿಡು ಎಂದರೆ ಹೇಗೆ?

ಒಂದು ದುರಂತದಿಂದ ಕಲಿತೆವೆಂದು ಹೇಳುವವರಿಗೆ ಕರಿಪುರವನ್ನು ನೆನಪಿಸಬೇಕು. 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ಕೋಳಿಕ್ಕೋಡಿನ ರನ್‌ವೇಯ ಅರ್ಧ ಭಾಗ ಕಳೆದ ಮೇಲೆ ಇಳಿದು, ಅಂಚು ದಾಟಿ ಕೆಳಗೆ ಬಿತ್ತು. 21 ಜನ ತೀರಿಕೊಂಡರು. ಅಲ್ಲೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಅಲ್ಲೂ ನಿಯಂತ್ರಣ ಕೈ ಬದಲಾಗಲಿಲ್ಲ. ಹತ್ತು ವರ್ಷಗಳ ನಂತರದ ತನಿಖಾ ವರದಿ ಮತ್ತೆ ಅದನ್ನೇ ಬರೆಯಬೇಕಾಯಿತು!

ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಬಂದಂದಿನಿಂದ ನಮ್ಮಲ್ಲಿ ಜಮೀನಿನ ಪರಿಹಾರದ ಮಾತು, ರನ್‌ವೇಯ ಉದ್ದದ ಮಾತು. ಮನೆಮಠ ಬಿಟ್ಟುಕೊಡುವವರಿಗೆ ಪರಿಹಾರ ಸಿಗಲೇಬೇಕು, ರನ್‌ವೇಯ ತುದಿಯಲ್ಲಿ ಸಾಕಷ್ಟು ಸುರಕ್ಷಿತ ಜಾಗವೂ ಇರಲೇಬೇಕು. ಜೊತೆಗೆ ನಮ್ಮ ಜನಪ್ರತಿನಿಧಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಅಲ್ಲಿ ಇಳಿಯಲಿರುವ ವಿಮಾನದಲ್ಲಿ ಕ್ಯಾಪ್ಟನ್ನರ ಕೈಯಿಂದ ನಿಯಂತ್ರಣ ಕಿತ್ತುಕೊಂಡ ಸಹಪೈಲಟ್ ಮರುದಿನ ಕೆಲಸದಲ್ಲಿ ಉಳಿದಿರುತ್ತಾನೆಯೇ?